ಮಾಸ್ಕ್ ಒಳಗೆ ನೀರು ಬಂದಾಗ: ಸ್ಕೂಬಾ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ತಿಳಿದಿರಬೇಕಾದದ್ದು

ಒಂಬತ್ತು ಮೀಟರ್ ಆಳದಲ್ಲಿ ನನ್ನ ಮಾಸ್ಕ್ ಕಳಚಿತು. ಮುಂದೆ ಹೋಗುತ್ತಿದ್ದವರ ಫಿನ್ಸ್ (ಕಾಲಿಗೆ ಹಾಕುವ ಈಜುರೆಕ್ಕೆ) ಮುಖಕ್ಕೆ ತಗುಲಿ ಕಣ್ಣಿಗೂ ಮೂಗಿಗೂ ಒಟ್ಟಿಗೇ ಉಪ್ಪುನೀರು ನುಗ್ಗಿತು. ಸಿಲಿಂಡರಿನ ಗಾಳಿ ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಹಾಗೇ ಇತ್ತು, ಗಾಳಿ ಬರುತ್ತಲೇ ಇತ್ತು, ಸಿಲಿಂಡರ್ ಅರ್ಧ ಕೂಡ ಖಾಲಿಯಾಗಿರಲಿಲ್ಲ. ಅಂದರೆ ಆ ಹೊತ್ತಿಗೆ ಅಪಾಯ ಅನ್ನುವಂಥದ್ದು ಏನೂ ಇರಲಿಲ್ಲ. ಆದರೆ ನನ್ನ ಮೈ ಅದನ್ನು ಒಪ್ಪಲಿಲ್ಲ. ಉಸಿರು ಬಿಗಿಹಿಡಿದು ಮೇಲಕ್ಕೆ ಕಾಲು ಬಡಿಯಲು ಶುರುಮಾಡಿದೆ. ಪಕ್ಕದಲ್ಲಿದ್ದ ಡೈವ್‌ಮಾಸ್ಟರ್, ಅಂದರೆ ಡೈವ್ ಮುನ್ನಡೆಸುವವರು, ತೇಲಲು ಗಾಳಿ ತುಂಬುವ ನನ್ನ ಜಾಕೆಟ್ ಹಿಡಿದು ಕೆಳಕ್ಕೆ ಎಳೆದು, ರೆಗ್ಯುಲೇಟರ್ ಬಾಯಿಗೆ ಒತ್ತಿ ಹಿಡಿದು, ಉಸಿರು ಬಿಡುವ ತನಕ ಎದೆ ತಟ್ಟುತ್ತಲೇ ಇದ್ದರು. ಹತ್ತು ಸೆಕೆಂಡ್ ಕೂಡ ಆಗಿರಲಿಕ್ಕಿಲ್ಲ.

ಆಗ ನನ್ನ ಹತ್ತಿರ ಓಪನ್ ವಾಟರ್ ಡೈವರ್ ಕಾರ್ಡ್, ಅಂದರೆ ಸ್ಕೂಬಾದ ಮೊದಲ ಹಂತದ ಸರ್ಟಿಫಿಕೇಟ್, ಇತ್ತು. ತೆಗೆದುಕೊಂಡು ಎರಡು ತಿಂಗಳಾಗಿತ್ತು. ಆ ಕೋರ್ಸಿನ ದಾಖಲೆಯಲ್ಲಿ "ನೀರಿನಡಿ ಮಾಸ್ಕ್ ಪೂರ್ತಿ ತೆಗೆದು, ಮತ್ತೆ ಹಾಕಿ, ನೀರು ಹೊರಹಾಕುವುದು" ಅನ್ನುವ ಸಾಲಿನ ಎದುರು ಟಿಕ್ ಬಿದ್ದಿತ್ತು. ಆ ಟಿಕ್ ಹೇಗೆ ಬಿತ್ತು ಅಂತಲೂ ನೆನಪಿದೆ. ಈಜುಕೊಳದಲ್ಲಿ ಆರು ಜನ ಸಾಲಾಗಿ ಮಂಡಿಯೂರಿ ಕೂತಿದ್ದೆವು. ನನ್ನ ಸರದಿ ಬಂದಾಗ ಹೇಗೋ ಒಂದು ಸಲ ಮಾಡಿದೆ, ಅರ್ಧ ನೀರು ಒಳಗೇ ಉಳಿದಿತ್ತು, ಕೆಮ್ಮು ಬರುತ್ತಿತ್ತು. ಇನ್‌ಸ್ಟ್ರಕ್ಟರ್ ಓಕೆ ಸನ್ನೆ ಮಾಡಿ ಮುಂದಿನವರ ಕಡೆ ತಿರುಗಿದರು. ಆ ಸೆಂಟರಿನ ಹೆಸರು ಇಲ್ಲಿ ಬೇಡ. ಅಲ್ಲಿ ಆದದ್ದು ಎಷ್ಟೋ ಕಡೆ ಆಗುತ್ತದೆ, ಯಾಕೆ ಆಗುತ್ತದೆ ಅನ್ನೋದೇ ಈ ಬರಹ.

ಸ್ಕೂಬಾ ಕಲಿಯಬೇಕು ಅನ್ನುವವರು ನನ್ನನ್ನು ಮೊದಲು ಕೇಳೋದು ಒಂದೇ ಪ್ರಶ್ನೆ. "ಪ್ಯಾಡಿ ಒಳ್ಳೇದಾ, ಎಸ್‌ಎಸ್‌ಐ ಒಳ್ಳೇದಾ?" ಇವೆಲ್ಲ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇವು ಶಾಲೆಗಳಲ್ಲ. ಪಠ್ಯ, ನಿಯಮ, ಪರೀಕ್ಷೆ, ಕಾರ್ಡ್ ಇಷ್ಟನ್ನು ಕೊಡುವ ಸಂಸ್ಥೆಗಳು. ಬ್ರಿಟನ್ನಿನ ಬೀಸ್ಯಾಕ್ 1953ರಲ್ಲಿ ಶುರುವಾಯಿತು, ಕ್ಲಬ್‌ಗಳ ಒಕ್ಕೂಟ ಅದು. ಅಮೆರಿಕದ ಪ್ಯಾಡಿ 1966ರದ್ದು, ಎಸ್‌ಎಸ್‌ಐ 1970ರದ್ದು. ಊರೂರಲ್ಲಿ ಇರುವ ಡೈವ್ ಸೆಂಟರ್‌ಗಳು ಇವುಗಳಲ್ಲಿ ಒಂದಕ್ಕೋ ಎರಡಕ್ಕೋ ಸದಸ್ಯರಾಗಿ ಅವರ ಪಠ್ಯ ಕಲಿಸುತ್ತವೆ. 2007ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಕೂಡ ಮನರಂಜನಾ ಡೈವಿಂಗ್ ತರಬೇತಿಗೆ ಅಂತಲೇ ಮಾನದಂಡ ತಂದಿತು. ಓಪನ್ ವಾಟರ್ ಮಟ್ಟಕ್ಕೆ ಅನ್ವಯಿಸುವುದು ಐಎಸ್‌ಒ 24801ರ ಎರಡನೇ ಭಾಗ, ಇನ್‌ಸ್ಟ್ರಕ್ಟರ್‌ಗಳಿಗೆ ಐಎಸ್‌ಒ 24802. ದೊಡ್ಡ ಸಂಸ್ಥೆಗಳ ಮೊದಲ ಹಂತದ ಕೋರ್ಸ್ ಹೆಚ್ಚುಕಡಿಮೆ ಒಂದೇ ಥರ ಇರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಕಾರ್ಡಿನ ಮೇಲೆ ಯಾವ ಲೋಗೋ ಇದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಲೋಗೋ ಹಿಂದೆ ನಿಮಗೆ ಕಲಿಸುವವರು ಯಾರು ಅಂತ ಕೇಳಿ.

ಮುಂದೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಬೇಕು, ಯಾಕೆಂದರೆ ನಮ್ಮ ಕಡೆ ಇದು ತುಂಬಾ ಇದೆ. ಮುರುಡೇಶ್ವರಕ್ಕೆ ಹೋಗಿ, ಬೆಳಿಗ್ಗೆ ಬೋಟ್ ಹತ್ತಿ, 123 ಅಡಿಯ ಶಿವ ಹಿಂದೆ ಹಿಂದೆ ಸಣ್ಣಗಾಗುವುದನ್ನು ನೋಡುತ್ತಾ ನೇತ್ರಾಣಿ ದ್ವೀಪ ತಲುಪಿ, ಅಲ್ಲಿ ಒಬ್ಬರು ನಿಮ್ಮ ಸಿಲಿಂಡರ್ ಹಿಡಿದುಕೊಂಡು ನೀರಿನಡಿ ಸ್ವಲ್ಪ ಹೊತ್ತು ಸುತ್ತಾಡಿಸಿ, ಒಂದು ವಿಡಿಯೊ ಮಾಡಿಕೊಡುತ್ತಾರಲ್ಲ, ಅದು ಕೋರ್ಸ್ ಅಲ್ಲ. ಅದು ಟ್ರೈ ಡೈವ್. ಗೋವಾದಲ್ಲೂ ಅಂಡಮಾನಿನಲ್ಲೂ ಪ್ರವಾಸಿಗರು ಮಾಡೋದು ಬಹುತೇಕ ಇದೇ. ಒಳ್ಳೆಯ ಅನುಭವ, ಖಂಡಿತ ಮಾಡಿ. ಆದರೆ ಅಲ್ಲಿ ನಿಮ್ಮ ಆಳ, ನಿಮ್ಮ ಗಾಳಿ, ನಿಮ್ಮ ತೇಲಾಟ ಎಲ್ಲವೂ ಬೇರೆಯವರ ಕೈಯಲ್ಲಿರುತ್ತದೆ. ಈಜು ಬರದಿದ್ದರೂ ಪರವಾಗಿಲ್ಲ ಅನ್ನೋದು ಅದಕ್ಕೇ. ಪ್ಯಾಡಿಯ ನಿಯಮದ ಪ್ರಕಾರ ಸಮುದ್ರದ ಟ್ರೈ ಡೈವ್ 12 ಮೀಟರ್ ದಾಟುವಂತಿಲ್ಲ, ಒಬ್ಬ ಇನ್‌ಸ್ಟ್ರಕ್ಟರ್‌ಗೆ ನಾಲ್ಕಕ್ಕಿಂತ ಜಾಸ್ತಿ ಜನ ಇರುವಂತಿಲ್ಲ.

ಓಪನ್ ವಾಟರ್ ಕೋರ್ಸ್ ಅದಕ್ಕಿಂತ ಪೂರ್ತಿ ಬೇರೆ. ಅದು ಮುಗಿದ ಮೇಲೆ ನೀವು ಇನ್ನೊಬ್ಬ ಸರ್ಟಿಫೈಡ್ ಬಡ್ಡಿ (ಜೋಡಿ ಡೈವರ್) ಜೊತೆ, ಇನ್‌ಸ್ಟ್ರಕ್ಟರ್ ಇಲ್ಲದೇ, 18 ಮೀಟರ್ ತನಕ ಹೋಗಬಹುದು. ಆ ಕಾರ್ಡ್ ಹೇಳೋದು ಇದನ್ನೇ. ಆರು ಮಹಡಿ ಕಟ್ಟಡದಷ್ಟು ನೀರು ತಲೆ ಮೇಲಿರುವಾಗ, ಹಿಡಿದುಕೊಳ್ಳಲು ಯಾರೂ ಇಲ್ಲದೇ, ನಿಮ್ಮನ್ನೂ ನೋಡಿಕೊಂಡು ಬಡ್ಡಿಯನ್ನೂ ನೋಡಿಕೊಳ್ಳುವ ಸಾಮರ್ಥ್ಯ ನಿಮಗೆ ಇದೆ ಅಂತ ಒಬ್ಬ ಇನ್‌ಸ್ಟ್ರಕ್ಟರ್ ಸಹಿ ಹಾಕಿದ್ದಾರೆ. ಎಷ್ಟು ದೊಡ್ಡ ಮಾತು ಅಲ್ವಾ ಅದು?

ಆ ಸಹಿಗೆ ಮುಂಚೆ ಏನೇನು ಆಗಬೇಕು ಅನ್ನೋದು ಸಂಸ್ಥೆಗಳ ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಪ್ಯಾಡಿಯದ್ದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಓದು ಮತ್ತು ಪರೀಕ್ಷೆ ಇರುತ್ತದೆ. ಈಜುಕೊಳದಲ್ಲಿ ಅಥವಾ ಕೊಳದಂಥ ಶಾಂತ ನೀರಿನಲ್ಲಿ ಐದು ಹಂತದ ಅಭ್ಯಾಸ ಇರುತ್ತದೆ. ಆಮೇಲೆ ತೆರೆದ ನೀರಿನಲ್ಲಿ ನಾಲ್ಕು ಡೈವ್, ಅದರಲ್ಲಿ ಮೊದಲ ಎರಡು 12 ಮೀಟರ್ ಒಳಗೇ. 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಸ್ನಾರ್ಕೆಲ್ (ಉಸಿರಾಟದ ಕೊಳವೆ), ಫಿನ್ಸ್ ಹಾಕಿ 300 ಮೀಟರ್, ಜೊತೆಗೆ ಯಾವ ಆಸರೆಯೂ ಇಲ್ಲದೇ 10 ನಿಮಿಷ ತೇಲಬೇಕು. ಕೋರ್ಸಿಗೂ ಈಜು ಬೇಡ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೇ ಇನ್ನೊಂದು. ತರಬೇತಿಯ ಸಮುದ್ರ ಡೈವ್‌ಗಳು ದಿನಕ್ಕೆ ಮೂರಕ್ಕಿಂತ ಜಾಸ್ತಿ ಆಗುವಂತಿಲ್ಲ. ನಾಲ್ಕು ಡೈವ್ ಅಂದರೆ ಸಮುದ್ರಕ್ಕೇ ಕನಿಷ್ಠ ಎರಡು ದಿನ ಬೇಕು, ಕೊಳದ ಅಭ್ಯಾಸ, ಓದು ಬೇರೆ. "ಒಂದೇ ದಿನದಲ್ಲಿ ಫುಲ್ ಸರ್ಟಿಫಿಕೇಟ್" ಅನ್ನುವ ಮಾತು ಈ ಒಂದು ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ಜನರ ಲೆಕ್ಕವೂ ಇದೆ. ತೆರೆದ ನೀರಿನಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಂಟು ವಿದ್ಯಾರ್ಥಿಗಳು, ಅದು ಗರಿಷ್ಠ. ಇಲ್ಲಿ "ಗರಿಷ್ಠ" ಅನ್ನುವ ಪದ ತುಂಬಾ ಮುಖ್ಯ. ಒಳ್ಳೆಯ ಬೆಳಕು, ಶಾಂತ ನೀರು, ದೂರದ ತನಕ ಕಾಣಿಸುವ ದಿನಕ್ಕೆ ಹಾಕಿದ ಮಿತಿ ಅದು. ನಮ್ಮ ಕರಾವಳಿಯಲ್ಲಿ ಕೆಲವು ದಿನ ನೀರು ಕದಡಿ, ಚಾಚಿದ ಕೈ ಆಚೆ ಏನಿದೆ ಅಂತ ಕಾಣಿಸೋದೇ ಕಷ್ಟ. ಅಂಥ ದಿನ ಎಂಟು ಜನರನ್ನು ಕರೆದುಕೊಂಡು ಹೋಗುವುದು ಪುಸ್ತಕದ ಪ್ರಕಾರವೂ ತಪ್ಪು, ಯಾಕೆಂದರೆ ನೀರಿನ ಸ್ಥಿತಿ ನೋಡಿ ಸಂಖ್ಯೆ ಇಳಿಸಬೇಕು ಅಂತ ಅದೇ ಪುಸ್ತಕ ಹೇಳುತ್ತದೆ. ಎಷ್ಟು ಇಳಿಸಬೇಕು? ಅದನ್ನು ಇನ್‌ಸ್ಟ್ರಕ್ಟರ್ ವಿವೇಚನೆಗೆ ಬಿಟ್ಟಿದೆ. ನನ್ನನ್ನು ಕೇಳಿದರೆ ಮೊದಲ ಕೋರ್ಸಿಗೆ ನಾಲ್ಕು ಜನ ಇದ್ದರೇ ಜಾಸ್ತಿ.

ಈಗ ಮತ್ತೆ ಮಾಸ್ಕಿಗೆ ಬರೋಣ. ಕೌಶಲ ಕಲಿತಿದ್ದಾರೆ ಅಂತ ತೀರ್ಮಾನಿಸುವುದಕ್ಕೆ ಪ್ಯಾಡಿ ಒಂದು ಅಳತೆ ಇಟ್ಟಿದೆ. ಆ ಮಟ್ಟದ ಡೈವರ್‌ನಿಂದ ನಿರೀಕ್ಷಿಸುವಷ್ಟು ಆರಾಮವಾಗಿ, ಸರಾಗವಾಗಿ, ಮತ್ತೆ ಮತ್ತೆ ಮಾಡಲು ಬರಬೇಕು. ನನ್ನ ಕೊಳದ ದಿನವನ್ನು ಈ ಅಳತೆಗೆ ಹಚ್ಚಿ ನೋಡಿ. ಆರಾಮ? ಇಲ್ಲ. ಸರಾಗ? ಇಲ್ಲ. ಮತ್ತೆ ಮತ್ತೆ? ಒಂದೇ ಸಲ. ಮಾಸ್ಕ್ ಇಲ್ಲದೇ ನೀರಿನಡಿ ಕನಿಷ್ಠ ಒಂದು ನಿಮಿಷ ಉಸಿರಾಡಬೇಕು ಅನ್ನುವ ನಿಯಮವೂ ಇದೆ, ಅದನ್ನು ನಾನು ಮಾಡಿದ ನೆನಪೇ ಇಲ್ಲ. ಅಂದರೆ ನಿಯಮ ಸರಿಯಾಗೇ ಇತ್ತು, ಅದನ್ನು ಪಾಲಿಸಬೇಕಾದ ಮನುಷ್ಯ ಅವತ್ತು ಪಾಲಿಸಲಿಲ್ಲ. ಸಂಸ್ಥೆಯ ಕಚೇರಿ ಎಲ್ಲೋ ಸಾವಿರಾರು ಮೈಲಿ ದೂರದಲ್ಲಿದೆ, ಕೊಳದ ತಳದಲ್ಲಿ ಟಿಕ್ ಹಾಕುವಾಗ ಅಲ್ಲಿ ಇದ್ದದ್ದು ನಾವು ಮತ್ತು ಅವರು ಮಾತ್ರ.

ಒಂದು ಟಿಕ್ ಬಗ್ಗೆ ಯಾಕಿಷ್ಟು ಮಾತು ಅಂತ ಅನ್ನಿಸಬಹುದು. ಇದಕ್ಕೆ ಸ್ವಲ್ಪ ವಿಜ್ಞಾನ ಬೇಕು, ಕಷ್ಟದ್ದಲ್ಲ.

ನಾವು ನೆಲದ ಮೇಲೆ ಒಂದು ವಾತಾವರಣದ ಒತ್ತಡದಲ್ಲಿ ಬದುಕುತ್ತೇವೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮಂಗಳೂರಿಗೆ ಬರುವಾಗ ಘಾಟಿ ಇಳಿಯುತ್ತಾ ಕಿವಿ ಕಟ್ಟಿಕೊಳ್ಳುತ್ತದಲ್ಲ, ಆ ಇಡೀ ದಾರಿಯಲ್ಲಿ ಒಟ್ಟು ಎಷ್ಟು ಒತ್ತಡ ಬದಲಾಗುತ್ತದೋ ಹೆಚ್ಚುಕಡಿಮೆ ಅಷ್ಟೇ ಬದಲಾವಣೆ ನೀರಿನಲ್ಲಿ ಒಂದೇ ಒಂದು ಮೀಟರ್ ಇಳಿದರೆ ಆಗಿಬಿಡುತ್ತದೆ. ಅದಕ್ಕೇ ಇಳಿಯುವಾಗ ನೋವು ಶುರುವಾಗುವ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತಾ ಇರಬೇಕು. ಬಿಡಲಿಲ್ಲ ಅಂದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಅವಸರದ ಇನ್‌ಸ್ಟ್ರಕ್ಟರ್ ಇದಕ್ಕೆ ಸಮಯ ಕೊಡುವುದಿಲ್ಲ, ಕೆಳಕ್ಕೆ ಎಳೆದುಕೊಂಡು ಹೋಗುತ್ತಾರೆ. ಕಿವಿಯ ತಮಟೆಗೆ ಪೆಟ್ಟು ಬೀಳುವುದು ಹೀಗೆ.

ಏರುವಾಗ ಇದೇ ಲೆಕ್ಕ ತಿರುಗಾಮುರುಗಾ ಆಗುತ್ತದೆ. 10 ಮೀಟರ್ ಆಳದಲ್ಲಿ ಪೂರ್ತಿ ಉಸಿರೆಳೆದುಕೊಂಡರೆ ಶ್ವಾಸಕೋಶದಲ್ಲಿರೋದು ಎರಡು ಪಟ್ಟು ಒತ್ತಡದ ಗಾಳಿ. ಅದನ್ನು ಹಿಡಿದುಕೊಂಡು ಮೇಲೆ ಬಂದರೆ ಆ ಗಾಳಿಗೆ ಎರಡರಷ್ಟು ಜಾಗ ಬೇಕು. ಪುಗ್ಗೆಯಾದರೆ ಹಿಗ್ಗುತ್ತದೆ, ಶ್ವಾಸಕೋಶ ಅಷ್ಟು ಹಿಗ್ಗುವುದಿಲ್ಲ, ಹರಿಯುತ್ತದೆ. ಹರಿದ ಜಾಗದಿಂದ ಗಾಳಿಯ ಗುಳ್ಳೆ ರಕ್ತನಾಳಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಪೂರ್ತಿ ಉಸಿರು ಹಿಡಿದಿದ್ದರೆ ಬರೀ 1.2 ಮೀಟರ್ ಏರಿದರೂ ಈ ಥರ ಗಾಯ ಆಗಬಹುದು, ಅಂದರೆ ಈಜುಕೊಳದಲ್ಲೂ ಆಗಬಹುದು. ಉಸಿರು ಯಾವತ್ತೂ ಹಿಡಿಯಬೇಡಿ ಅನ್ನೋದು ಸ್ಕೂಬಾದ ಮೊದಲ ನಿಯಮ ಆಗಿರುವುದು ಇದಕ್ಕೇ. ತಮಾಷೆಯಂತೆ ಕಾಣುವ ಮಾಸ್ಕ್ ಅಭ್ಯಾಸ ಇಲ್ಲಿ ಬಂದು ಸೇರುತ್ತದೆ. ಮೂಗಿಗೆ ನೀರು ಹೋದರೆ ಮನುಷ್ಯ ಸಹಜವಾಗಿ ಮಾಡೋದು ಎರಡೇ ಕೆಲಸ, ಉಸಿರು ಹಿಡಿಯೋದು, ಮೇಲಕ್ಕೆ ಓಡೋದು. ಎರಡೂ ಸೇರಿದರೆ ಏನಾಗುತ್ತದೆ ಅಂತ ಈಗಷ್ಟೇ ನೋಡಿದೆವು. ಆ ಸಹಜ ಪ್ರತಿಕ್ರಿಯೆಯನ್ನು ಅಳಿಸಿ ಅದರ ಜಾಗದಲ್ಲಿ "ನಿಲ್ಲು, ಉಸಿರಾಡು, ಆಮೇಲೆ ಮಾಸ್ಕ್ ಸರಿಮಾಡು" ಅನ್ನುವ ಅಭ್ಯಾಸ ಕೂರಿಸುವುದಕ್ಕೆ ಕೋರ್ಸ್ ಇರೋದು. ಒಂದು ಸಲ ಕೆಮ್ಮುತ್ತಾ ಮಾಡಿದರೆ ಅದು ಕೂರುವುದಿಲ್ಲ.

ಹಾಗಾದರೆ ಈ ಇನ್‌ಸ್ಟ್ರಕ್ಟರ್ ಯಾರು, ಹೇಗೆ ತಯಾರಾಗುತ್ತಾರೆ? ನನಗೆ ಇದು ಗೊತ್ತಾದಾಗ ನಿಜವಾಗಿಯೂ ಆಶ್ಚರ್ಯವಾಯಿತು. ಓಪನ್ ವಾಟರ್, ಅಡ್ವಾನ್ಸ್‌ಡ್, ರೆಸ್ಕ್ಯೂ, ಡೈವ್‌ಮಾಸ್ಟರ್, ಆಮೇಲೆ ಇನ್‌ಸ್ಟ್ರಕ್ಟರ್ ತರಬೇತಿ, ಕೊನೆಗೆ ಇನ್‌ಸ್ಟ್ರಕ್ಟರ್ ಪರೀಕ್ಷೆ, ಇದು ಮೆಟ್ಟಿಲು. ಪ್ಯಾಡಿಯಲ್ಲಿ ಆ ಪರೀಕ್ಷೆಗೆ ಕೂರಲು 18 ವರ್ಷ ಆಗಿರಬೇಕು, ಮೊದಲ ಸರ್ಟಿಫಿಕೇಟ್ ಸಿಕ್ಕಿ ಆರು ತಿಂಗಳಾಗಿರಬೇಕು, ಲಾಗ್‌ಬುಕ್ಕಿನಲ್ಲಿ 100 ಡೈವ್ ಇರಬೇಕು. ಅಂದರೆ ಜನವರಿಯಲ್ಲಿ ಮೊದಲ ಸಲ ನೀರಿಗಿಳಿದವರು ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಿಮಗೆ ಪಾಠ ಮಾಡುತ್ತಿರಬಹುದು, ನಿಯಮದ ಪ್ರಕಾರವೇ.

100 ಡೈವ್ ಅಂದರೆ ಕೇಳಲು ಜಾಸ್ತಿ ಅನ್ನಿಸುತ್ತದೆ. ಒಂದು ಡೈವ್ ಮುಕ್ಕಾಲು ಗಂಟೆ ಅಂತ ಹಿಡಿದರೆ ಒಟ್ಟು 75 ಗಂಟೆ. ದಿನಕ್ಕೆ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ ಹತ್ತು ದಿನ ಕೂಡ ಆಗಲಿಲ್ಲ. ಅದೂ ಒಂದೇ ಬೆಚ್ಚನೆಯ, ತಿಳಿಯಾದ ದ್ವೀಪದ ಸುತ್ತ ಮಾಡಿದ್ದಾದರೆ, ಆ ವ್ಯಕ್ತಿಗೆ ಸೆಳೆತ, ಕದಡಿದ ನೀರು, ಅಲೆ ಎದ್ದ ದಿನದಲ್ಲಿ ಬೋಟ್ ಹತ್ತುವುದು ಇವೆಲ್ಲ ಹೊಸದೇ.

ಪರೀಕ್ಷೆ ಸುಲಭದ್ದು ಅಂತ ನಾನು ಹೇಳುತ್ತಿಲ್ಲ. ತರಬೇತಿ ಕೊಟ್ಟವರು ಪರೀಕ್ಷೆ ಮಾಡುವಂತಿಲ್ಲ, ಸಂಸ್ಥೆಯಿಂದಲೇ ಪರೀಕ್ಷಕರು ಬರುತ್ತಾರೆ, ಇದು ಒಳ್ಳೆಯ ವ್ಯವಸ್ಥೆ. ಭೌತಶಾಸ್ತ್ರ, ಶರೀರಶಾಸ್ತ್ರ, ಉಪಕರಣ ಎಲ್ಲದರ ಮೇಲೆ ಪ್ರಶ್ನೆ ಇರುತ್ತದೆ. ಕೊಳದಲ್ಲಿ, ಸಮುದ್ರದಲ್ಲಿ ಪಾಠ ಮಾಡಿ ತೋರಿಸಬೇಕು, ಪ್ರಜ್ಞೆ ತಪ್ಪಿದವರನ್ನು ರಕ್ಷಿಸಿ ತೋರಿಸಬೇಕು. ಆದರೆ ಆ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳ ಪಾತ್ರ ಮಾಡುವವರು ಪರೀಕ್ಷೆಗೆ ಬಂದ ಬೇರೆ ಅಭ್ಯರ್ಥಿಗಳೇ. ಪರೀಕ್ಷಕರು ಅವರಿಗೆ "ನೀನು ಈ ತಪ್ಪು ಮಾಡು" ಅಂತ ಮೊದಲೇ ಹೇಳಿರುತ್ತಾರೆ. ಹೇಳಿಕೊಟ್ಟ ತಪ್ಪು ಮಾಡುವ ನುರಿತ ಡೈವರ್ ಬೇರೆ. ಕಣ್ಣು ಅಗಲ ಮಾಡಿ, ರೆಗ್ಯುಲೇಟರ್ ಉಗುಳಿ, ನಿಮ್ಮ ಕುತ್ತಿಗೆಗೆ ಜೋತುಬೀಳುವ ನಿಜವಾದ ಹೆದರಿದ ಮನುಷ್ಯ ಬೇರೆ. ಆ ಎರಡನೆಯದನ್ನು ಹೊಸ ಇನ್‌ಸ್ಟ್ರಕ್ಟರ್ ಮೊದಲ ಸಲ ನೋಡೋದು ಕೆಲಸಕ್ಕೆ ಸೇರಿದ ಮೇಲೆ, ಅಂದರೆ ನಮ್ಮಂಥವರ ಮೇಲೆ. ಡಾಕ್ಟರಿಗೆ ಹೌಸ್ ಸರ್ಜನ್ಸಿ ಇದೆ. ಇಲ್ಲಿ ಹೊಸಬರನ್ನು ಹಳಬರ ಜೊತೆ ಒಂದಷ್ಟು ಕೋರ್ಸ್ ಮಾಡಿಸಿ ಆಮೇಲೆ ಒಬ್ಬರನ್ನೇ ಬಿಡುವ ಒಳ್ಳೆಯ ಸೆಂಟರ್‌ಗಳಿವೆ, ಆದರೆ ಅದು ಆ ಸೆಂಟರಿನವರ ಒಳ್ಳೆಯತನ.

ಇದರ ಜೊತೆ ಹಣದ ಒತ್ತಡವೂ ಸೇರುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಡೈವಿಂಗ್ ಪೂರ್ತಿ ನಿಂತಿರುತ್ತದೆ. ವರ್ಷದ ಸಂಪಾದನೆ ಉಳಿದ ತಿಂಗಳುಗಳಲ್ಲೇ ಆಗಬೇಕು. ಬೋಟಿನ ಡೀಸೆಲ್ ಖರ್ಚು ನಾಲ್ಕು ಜನ ಬಂದರೂ ಅಷ್ಟೇ, ಹನ್ನೆರಡು ಜನ ಬಂದರೂ ಅಷ್ಟೇ. ಪಕ್ಕದ ಸೆಂಟರಿನವರು ಸಾವಿರ ರೂಪಾಯಿ ಕಡಿಮೆ ಹೇಳಿದರೆ ಗಿರಾಕಿ ಅಲ್ಲಿಗೆ ಹೋಗುತ್ತಾರೆ, ನಾವೇ ಹೋಗುತ್ತೇವೆ. ಆಗ ಕತ್ತರಿ ಬೀಳೋದು ಎಲ್ಲಿಗೆ? ಕೊಳದ ಸಮಯಕ್ಕೆ. ಇನ್ನೂ ಒಂದು ದಿನ ಬೇಕು ಅಂತ ವಿದ್ಯಾರ್ಥಿಗೆ ಹೇಳುವುದು ಇನ್‌ಸ್ಟ್ರಕ್ಟರ್‌ಗೂ ಕಷ್ಟ, ಯಾಕೆಂದರೆ ವಿದ್ಯಾರ್ಥಿಗೆ ಮರುದಿನದ ಟಿಕೆಟ್ ಬುಕ್ ಆಗಿರುತ್ತದೆ, ದುಡ್ಡು ಕಟ್ಟಿದ್ದೀನಿ ಕಾರ್ಡ್ ಕೊಡಿ ಅನ್ನುತ್ತಾರೆ. ನಾನೂ ಅವತ್ತು ಕೆಮ್ಮುತ್ತಾ ಓಕೆ ಸನ್ನೆ ವಾಪಸ್ ತೋರಿಸಿದ್ದೆ, ಇನ್ನೊಂದು ಸಲ ಮಾಡುತ್ತೇನೆ ಅಂತ ಕೇಳಲಿಲ್ಲ.

ಕಲಿಸುವ ಗುಣಮಟ್ಟ ನೀರಿನಲ್ಲಿ ಕಣ್ಣಿಗೆ ಕಾಣುವ ಒಂದು ಜಾಗ ಇದೆ, ಅದು ತೂಕ. ಮನುಷ್ಯನ ದೇಹ, ಅದರಲ್ಲೂ ವೆಟ್‌ಸೂಟ್ (ಚಳಿ ತಡೆಯುವ ರಬ್ಬರ್ ಉಡುಪು) ಹಾಕಿದ ದೇಹ, ಉಪ್ಪುನೀರಿನಲ್ಲಿ ತೇಲುತ್ತದೆ. ಇಳಿಯೋದಕ್ಕೆ ಸೊಂಟಕ್ಕೆ ಸೀಸದ ತೂಕ ಕಟ್ಟುತ್ತಾರೆ. ಎಷ್ಟು ಬೇಕು ಅಂತ ನೋಡುವ ವಿಧಾನ ಸರಳ. ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರೆಳೆದು ನೀರಿನಲ್ಲಿ ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಸಿಲಿಂಡರಿನ ಗಾಳಿಗೇ ಸುಮಾರು ಎರಡೂವರೆ ಕಿಲೋ ತೂಕ ಇರುತ್ತದೆ, ಡೈವ್ ಮುಗಿಯುವ ಹೊತ್ತಿಗೆ ಅದರಲ್ಲಿ ಬಹುಪಾಲು ಖಾಲಿಯಾಗಿರುತ್ತದೆ, ಅದಕ್ಕಾಗಿ ಸ್ವಲ್ಪ ಸೇರಿಸಬೇಕು, ಅಷ್ಟೇ. ಐದು ನಿಮಿಷದ ಕೆಲಸ ಇದು. ಅವಸರದಲ್ಲಿರುವವರು ಇದನ್ನು ಬಿಟ್ಟು ಸುಮ್ನೆ ಎರಡು ಕಿಲೋ ಜಾಸ್ತಿ ಹಾಕಿಬಿಡುತ್ತಾರೆ. ವಿದ್ಯಾರ್ಥಿ ತಳದಲ್ಲಿ ಗಟ್ಟಿಯಾಗಿ ಮಂಡಿಯೂರಿ ಕೂರುತ್ತಾರೆ, ಎಲ್ಲೂ ತೇಲಿಹೋಗುವುದಿಲ್ಲ, ಸಾಲಾಗಿ ಟಿಕ್ ಹಾಕುತ್ತಾ ಹೋಗಬಹುದು.

ಆದರೆ ಸಮುದ್ರದಲ್ಲಿ ಯಾರೂ ಮಂಡಿಯೂರಿ ಡೈವ್ ಮಾಡುವುದಿಲ್ಲ. ತೂಕ ಜಾಸ್ತಿಯಾದವರು ಅದನ್ನು ಸರಿತೂಗಿಸಲು ಜಾಕೆಟ್ಟಿಗೆ ಗಾಳಿ ಊದುತ್ತಾರೆ, ಸ್ವಲ್ಪ ಏರಿದರೂ ಆ ಗಾಳಿ ಹಿಗ್ಗಿ ಇನ್ನೂ ಮೇಲಕ್ಕೆ ಎಳೆಯುತ್ತದೆ, ಗಾಳಿ ಹೊರಬಿಟ್ಟರೆ ಕಲ್ಲಿನಂತೆ ಇಳಿಯುತ್ತಾರೆ. ಕಾಲು ಬಡಿದು ಬಡಿದು ಸುಸ್ತಾಗಿ ಗಾಳಿ ಬೇಗ ಖಾಲಿಯಾಗುತ್ತದೆ. ಕೆಳಗಿನ ಹವಳಕ್ಕೆ ಆಗುವ ಹಾನಿ ಬೇರೆ. ಈಗ ಒಳ್ಳೆಯ ಇನ್‌ಸ್ಟ್ರಕ್ಟರ್‌ಗಳು ಮೊದಲ ದಿನದಿಂದಲೇ ತೇಲುತ್ತಲೇ ಎಲ್ಲವನ್ನೂ ಕಲಿಸುತ್ತಾರೆ, ಮಾಸ್ಕ್ ತೆಗೆಯುವುದನ್ನೂ. ಇದಕ್ಕೆ ಸಮಯ ಜಾಸ್ತಿ ಬೇಕು, ಕಲಿಸುವವರಿಗೆ ತಾಳ್ಮೆ ಬೇಕು. ನೀವು ಸೆಂಟರಿಗೆ ಹೋದಾಗ ಕೊಳದಲ್ಲಿ ಯಾವುದಾದರೂ ತರಗತಿ ನಡೆಯುತ್ತಿದ್ದರೆ ಹತ್ತು ನಿಮಿಷ ನಿಂತು ನೋಡಿ. ವಿದ್ಯಾರ್ಥಿಗಳು ತಳಕ್ಕೆ ಅಂಟಿಕೊಂಡಿದ್ದಾರಾ, ತೇಲುತ್ತಿದ್ದಾರಾ ಅನ್ನೋದು ದಡದಿಂದಲೇ ಕಾಣಿಸುತ್ತದೆ.

ತೂಕದ ವಿಷಯ ಎಷ್ಟು ಗಂಭೀರ ಅನ್ನೋದಕ್ಕೆ ಒಂದು ಘಟನೆ ಹೇಳಬೇಕು, ಬರೆಯುವಾಗಲೂ ಸಂಕಟವಾಗುತ್ತದೆ. 2020ರ ನವೆಂಬರಿನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಲೇಕ್ ಮೆಕ್‌ಡೊನಾಲ್ಡ್ ಅನ್ನುವ ತಣ್ಣನೆಯ ಸರೋವರದಲ್ಲಿ 18 ವರ್ಷದ ಹುಡುಗಿಯೊಬ್ಬಳು ತರಬೇತಿ ಡೈವ್‌ನಲ್ಲಿ ಸತ್ತಳು. ಅದು ಮೊದಲ ಹಂತದ ಮುಂದಿನ ಕೋರ್ಸ್. ಅವಳು ಹಾಕಿದ್ದದ್ದು ಡ್ರೈಸೂಟ್. ಒಳಗೆ ನೀರು ಬಾರದ ಆ ಸೂಟಿಗೆ, ಆಳಕ್ಕೆ ಹೋದಂತೆ ಅದು ಮೈಯನ್ನು ಹಿಂಡದಂತೆ ಸಿಲಿಂಡರಿನಿಂದ ಒಂದು ಕೊಳವೆ ಮೂಲಕ ಗಾಳಿ ತುಂಬಬೇಕು. ಆ ಕೊಳವೆಯೇ ಇರಲಿಲ್ಲ. ಮೈಮೇಲೆ ಸುಮಾರು 20 ಕಿಲೋ ಸೀಸ ಇತ್ತು, ಅದೂ ತಟ್ಟನೆ ಕಳಚಿ ಬೀಳಿಸಲು ಆಗದಂತೆ ಜೇಬುಗಳಲ್ಲಿ. ಸಂಸ್ಥೆಯ ಕಾರ್ಡ್ ಇದ್ದ ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಇದ್ದರು. ನೀರಿಗೆ ಇಳಿಯುವ ಮುಂಚೆ ಒಬ್ಬರ ಉಪಕರಣ ಒಬ್ಬರು ಮುಟ್ಟಿ ನೋಡುವ ಬಡ್ಡಿ ಚೆಕ್ ಮೊದಲ ಹಂತದ ಕೋರ್ಸಿನಲ್ಲೇ ಬರುತ್ತದೆ. ಅದನ್ನು ಸರಿಯಾಗಿ ಮಾಡಿದ್ದರೆ ದಡದಲ್ಲೇ ಗೊತ್ತಾಗುತ್ತಿದ್ದ ವಿಷಯ ಅದು.

ಇಂಥದ್ದನ್ನು ತಡೆಯುವ ಕೆಲಸ ಸರ್ಕಾರದ್ದಲ್ವಾ ಅಂತ ಕೇಳುತ್ತೀರಿ. ಕೆಲವು ಕಡೆ ಹೌದು. ಇಸ್ರೇಲ್ 1979ರಲ್ಲೇ ಮನರಂಜನಾ ಡೈವಿಂಗಿಗೆ ಕಾನೂನು ತಂದಿತು. ಗ್ರೇಟ್ ಬ್ಯಾರಿಯರ್ ರೀಫ್ ಇರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1998ರಲ್ಲಿ ಒಂದು ಬೋಟ್ ಇಬ್ಬರು ಡೈವರ್‌ಗಳನ್ನು ಸಮುದ್ರದಲ್ಲೇ ಬಿಟ್ಟು ದಡಕ್ಕೆ ಬಂದುಬಿಟ್ಟಿತು, ಅವರು ಮತ್ತೆ ಸಿಗಲೇ ಇಲ್ಲ. ಆಮೇಲೆ ಅಲ್ಲಿ ತಲೆ ಎಣಿಕೆಯ ನಿಯಮಗಳು ಬಿಗಿಯಾದವು, 2011ರಲ್ಲಿ ನೀರಿನ ಮನರಂಜನೆಗಳ ಸುರಕ್ಷತೆಗೆ ಅಂತಲೇ ಪ್ರತ್ಯೇಕ ಕಾಯ್ದೆ ಬಂತು. ನಮ್ಮಲ್ಲಿ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಗಳಿವೆ, ಅದರಲ್ಲಿ ಸ್ಕೂಬಾ ಕೂಡ ಇದೆ. ಆದರೆ ಮಾರ್ಗಸೂಚಿ ಕಾನೂನಲ್ಲ. ನೀರಿನೊಳಗೆ ಬಂದು ಇನ್‌ಸ್ಟ್ರಕ್ಟರ್ ಪಾಠ ನೋಡುವ ಅಧಿಕಾರಿ ನಿಮಗೆ ಸಿಗುವುದಿಲ್ಲ. ಸದ್ಯಕ್ಕೆ ನೀವೇ ನೋಡಿಕೊಳ್ಳಬೇಕು.

ಏನು ನೋಡಬೇಕು? ಇನ್‌ಸ್ಟ್ರಕ್ಟರ್ ಹೆಸರು ಮತ್ತು ಸದಸ್ಯ ಸಂಖ್ಯೆ ಕೇಳಿ. ಪ್ಯಾಡಿಯವರ ವೆಬ್‌ಸೈಟಿನಲ್ಲಿ ಪ್ರೊ ಚೆಕ್ ಅನ್ನುವ ಪುಟ ಇದೆ, ಅಲ್ಲಿ ಹಾಕಿದರೆ ಅವರಿಗೆ ಈಗ ಕಲಿಸುವ ಅಧಿಕಾರ ಇದೆಯಾ ಅಂತ ತೋರಿಸುತ್ತದೆ. ಪ್ರತಿ ವರ್ಷ ನವೀಕರಿಸದಿದ್ದರೆ ಕಲಿಸುವಂತಿಲ್ಲ. ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ. ಆಮೇಲೆ ಆ ವ್ಯಕ್ತಿಯೇ ನಿಮಗೆ ಕಲಿಸುತ್ತಾರಾ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲವು ಕಡೆ ಹೆಸರು ಒಬ್ಬರದ್ದು, ನೀರಿನಲ್ಲಿ ಇರೋದು ಡೈವ್‌ಮಾಸ್ಟರ್. ಡೈವ್‌ಮಾಸ್ಟರ್ ಸಹಾಯ ಮಾಡಬಹುದು, ಓಪನ್ ವಾಟರ್ ಕೋರ್ಸ್ ನಡೆಸುವಂತಿಲ್ಲ. ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ, ಈ ನೀರಿನಲ್ಲಿ ಎಷ್ಟು ಕಾಲದಿಂದ ಇದ್ದೀರಿ, ನನ್ನ ಬ್ಯಾಚಿನಲ್ಲಿ ಎಷ್ಟು ಜನ, ಬೋಟಿನಲ್ಲಿ ತುರ್ತು ಚಿಕಿತ್ಸೆಯ ಆಕ್ಸಿಜನ್ ಇದೆಯಾ, ಇವನ್ನೆಲ್ಲ ನೇರವಾಗಿ ಕೇಳಿ. ನಾನು ತಪ್ಪದೇ ಕೇಳುವ ಪ್ರಶ್ನೆ ಇನ್ನೊಂದಿದೆ. "ನಾಲ್ಕನೇ ದಿನವೂ ನನಗೆ ಬರದಿದ್ದರೆ ಏನು ಮಾಡುತ್ತೀರಿ?" ಇದಕ್ಕೆ "ಬರುತ್ತೆ ಬಿಡಿ ಸಾರ್, ಎಲ್ಲರಿಗೂ ಬರುತ್ತೆ" ಅನ್ನುವವರು ಬೇಡ. "ಕಾರ್ಡ್ ಕೊಡಲ್ಲ, ಇನ್ನೊಂದು ದಿನ ಕೊಳಕ್ಕೆ ಬನ್ನಿ, ಅದಕ್ಕೆ ಇಷ್ಟು ಖರ್ಚು" ಅಂತ ಮುಖಕ್ಕೆ ಹೇಳುವವರ ಹತ್ತಿರ ಹೋಗಿ.

ವೈದ್ಯಕೀಯ ಫಾರಂ ಕೊಡುವ ರೀತಿಯಲ್ಲೂ ತುಂಬಾ ತಿಳಿಯುತ್ತದೆ. ಅದರಲ್ಲಿ ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಸಮಸ್ಯೆ, ಆಪರೇಷನ್ ಹೀಗೆ ಪ್ರಶ್ನೆಗಳಿರುತ್ತವೆ. ಕೆಲವಕ್ಕೆ ಹೌದು ಅಂದರೆ ಡಾಕ್ಟರ್ ಸಹಿ ಬೇಕು. ಬೋಟ್ ಹೊರಡುವ ಹೊತ್ತಿಗೆ ಫಾರಂ ಕೊಟ್ಟು "ಎಲ್ಲದಕ್ಕೂ ನೋ ಹಾಕಿ ಸೈನ್ ಮಾಡಿ" ಅನ್ನುವವರನ್ನು ನಾನು ಕಂಡಿದ್ದೇನೆ. ಆಸ್ತಮಾ ಇರುವವರ ಶ್ವಾಸನಾಳ ಕಟ್ಟಿಕೊಂಡರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ, ಏರುವಾಗ ಅದು ಹಿಗ್ಗುತ್ತದೆ, ಮೇಲೆ ಹೇಳಿದ ಅದೇ ಕಥೆ. ಆ ಫಾರಂ ಇರೋದು ನಿಮ್ಮ ಜೀವಕ್ಕೆ, ಅದನ್ನು ಬುಕಿಂಗ್ ಮಾಡುವಾಗಲೇ ಕೇಳಿ ತರಿಸಿಕೊಳ್ಳಿ.

ಇನ್ನೊಂದು ನಮ್ಮ ರಾಜ್ಯದವರಿಗೆ ಅಂತಲೇ ಹೇಳುತ್ತೇನೆ. ಡೈವ್ ಆದ ಮೇಲೆ ದೇಹದಲ್ಲಿ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಗೆ ಹೋಗಬೇಕು, ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಬಹುದು. ವಿಮಾನಕ್ಕೆ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. ಆ ಸಲಹೆ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಲೆಕ್ಕ ಹಾಕಿದ್ದು. ಬೆಂಗಳೂರು 900 ಮೀಟರ್. ಅಂದರೆ ಮುರುಡೇಶ್ವರದಲ್ಲಿ ಎರಡು ದಿನ ನಾಲ್ಕು ಡೈವ್ ಮುಗಿಸಿ ಅವತ್ತೇ ಸಂಜೆ ಬಸ್ ಹತ್ತಿ ಘಾಟಿ ಏರುವುದು ಒಳ್ಳೆಯ ಯೋಚನೆಯಲ್ಲ. ಒಂದು ರಾತ್ರಿ ಕರಾವಳಿಯಲ್ಲೇ ಮಲಗಿ, ಮರುದಿನ ಹೊರಡಿ. ಇದನ್ನು ನಿಮ್ಮ ಇನ್‌ಸ್ಟ್ರಕ್ಟರ್ ನೀವು ಕೇಳದೇ ಹೇಳಿದರೆ, ನಿಮಗೆ ಒಳ್ಳೆಯವರೇ ಸಿಕ್ಕಿದ್ದಾರೆ.

ಕೋರ್ಸ್ ಮುಗಿದ ಮೇಲೆ ಪ್ಯಾಡಿಯಂಥ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಇಮೇಲಿನಲ್ಲಿ ಪ್ರಶ್ನಾವಳಿ ಕಳಿಸುತ್ತವೆ. ಇದು ಮಾಡಿದಿರಾ, ಅದು ಮಾಡಿಸಿದರಾ ಅಂತ ಕೇಳುತ್ತಾರೆ. ದೂರದ ಕಚೇರಿಗೆ ಕೊಳದ ತಳದಲ್ಲಿ ಏನಾಯಿತು ಅಂತ ಗೊತ್ತಾಗುವ ದಾರಿಗಳಲ್ಲಿ ಇದು ಮುಖ್ಯವಾದದ್ದು, ಇನ್‌ಸ್ಟ್ರಕ್ಟರ್ ಮೇಲೆ ಕ್ರಮ ಆಗುವುದೂ ಹೀಗೆ ಬಂದ ಮಾಹಿತಿಯಿಂದ. ದಯವಿಟ್ಟು ನಿಜ ಬರೆಯಿರಿ. ನಾನು ನನ್ನದನ್ನು ತೆರೆದೂ ನೋಡಿರಲಿಲ್ಲ, ಆ ಬೇಸರ ಇವತ್ತಿಗೂ ಇದೆ, ಯಾಕೆಂದರೆ ನನ್ನ ನಂತರವೂ ಆ ಕೊಳದಲ್ಲಿ ಆರಾರು ಜನ ಮಂಡಿಯೂರಿ ಕೂತಿರುತ್ತಾರೆ.

ಈಗಾಗಲೇ ಕಾರ್ಡ್ ಇದೆ, ಆದರೆ ನನ್ನ ಥರ ಒಳಗೆ ಧೈರ್ಯ ಇಲ್ಲ ಅನ್ನುವವರಿಗೆ ದಾರಿ ಇದೆ. ಮತ್ತೆ ಪೂರ್ತಿ ಕೋರ್ಸ್ ಮಾಡಬೇಕಿಲ್ಲ. ಒಳ್ಳೆಯ ಇನ್‌ಸ್ಟ್ರಕ್ಟರ್ ಹುಡುಕಿ, ರಿಫ್ರೆಶರ್ ಬೇಕು ಅನ್ನಿ, ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಕೊಳದಲ್ಲಿ ಎರಡು ಗಂಟೆ ಕೊಡಿ ಅಂತ ಕೇಳಿ, ಯಾವುದು ಬರಲ್ಲ ಅಂತ ಮುಚ್ಚಿಡದೇ ಹೇಳಿ. ಆ ಒಂಬತ್ತು ಮೀಟರಿನ ಘಟನೆ ಆದ ಮೇಲೆ ನಾನು ಹೋದದ್ದು ಹಾಗೆ. ಅವರು ಹತ್ತಾರು ವರ್ಷ ಕಲಿಸಿದವರು. ನನ್ನ ಮಾತು ಕೇಳಿಸಿಕೊಂಡು, ಸಿಲಿಂಡರ್ ಪಕ್ಕಕ್ಕಿಡಿ ಅಂದರು. ಸೊಂಟದ ಮಟ್ಟದ ನೀರಿನಲ್ಲಿ ಬರೀ ಸ್ನಾರ್ಕೆಲ್ ಬಾಯಲ್ಲಿಟ್ಟು, ಮಾಸ್ಕ್ ಇಲ್ಲದೇ ಮುಖ ನೀರಿಗೆ ಹಾಕಿ ಉಸಿರಾಡಿ ಅಂದರು. ಮೊದಲ ಸಲ ಮೂರು ಸೆಕೆಂಡಿಗೆ ಎದ್ದೆ. ಅವರು ಏನೂ ಅನ್ನಲಿಲ್ಲ, ಮತ್ತೆ ಅಂತ ಸನ್ನೆ ಮಾಡಿದರು. ಮೂಗಿನಲ್ಲಿ ಉಸಿರು ಎಳೆಯದೇ ಬಾಯಲ್ಲಿ ಮಾತ್ರ ಎಳೆಯೋದು ಮೈಗೆ ಅರ್ಥವಾಗಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಸಿಲಿಂಡರ್ ಹಾಕಿ ಎರಡು ಮೀಟರಿನಲ್ಲಿ ತೇಲುತ್ತಾ ಮಾಸ್ಕ್ ತೆಗೆದು, ಕೈಯಲ್ಲಿ ಹಿಡಿದುಕೊಂಡು, ಅವರ ಮಸುಕು ಆಕಾರ ನೋಡುತ್ತಾ ಕೊಳದ ಆ ತುದಿಯಿಂದ ಈ ತುದಿಗೆ ಹೋದೆ. ವಾಪಸ್ ಬಂದು ಹಾಕಿಕೊಂಡೆ, ಊದಿದೆ, ನೀರು ಹೋಯಿತು. ಅವರು ಬೆರಳು ತಿರುಗಿಸಿ ತೋರಿಸಿದರು, ಇನ್ನೊಂದು ಸಲ. ಅವತ್ತು ಎಷ್ಟು ಸಲ ಮಾಡಿದೆ ಅಂತ ನಾನು ಎಣಿಸಲಿಲ್ಲ.